ಷರತ್ತು ಸೇರಿಸುತ್ತ ಹೋದಂತೆ ಎಣಿಕೆ ತಪ್ಪಿದರೆ: ದೋಷ ಯಾವ ಮೆಟ್ಟಿಲಲ್ಲಿದೆ?

ಆಳಂದ ಭಾಗದ ಒಂದು ರೈತ ಸಂಘದ ಡೇಟಾಬೇಸ್ ಎಂದಿಟ್ಟುಕೊಳ್ಳಿ. ಮುಂಗಾರಿಗೆ ರಿಯಾಯಿತಿ ದರದಲ್ಲಿ ತೊಗರಿ ಬೀಜ ಕೊಡಬೇಕು. ಎಲ್ಲರಿಗೂ ಅಲ್ಲ. ಆಳಂದ ತಾಲ್ಲೂಕಿನವರಾಗಿರಬೇಕು, ತೊಗರಿ ಬಿತ್ತುವವರಾಗಿರಬೇಕು, ಹಿಡುವಳಿ 5 ಎಕರೆ ದಾಟಿರಬಾರದು, ಸಂಘದ ಸಾಲ ಬಾಕಿ ಇರಬಾರದು, ಏಪ್ರಿಲ್ 1ರಿಂದ ಮೇ 31ರೊಳಗೆ ಹೆಸರು ನೋಂದಾಯಿಸಿರಬೇಕು. ಐದು ಷರತ್ತು, ಒಂದು ಕ್ವೆರಿ, ಅಂದರೆ ಡೇಟಾಬೇಸ್‌ಗೆ ಹಾಕುವ ಒಂದು ಪ್ರಶ್ನೆ. ನೋಂದಾಯಿಸಿದವರು 1,200, ಕೊನೆಗೆ ಪರದೆಯ ಮೇಲೆ ಬಂದದ್ದು 197. ಕಾರ್ಯದರ್ಶಿಗೆ ಅನುಮಾನ, ಕಿಟಕಿಯ ಹೊರಗೆ ನಿಂತವರಿಗೆ ಸಿಟ್ಟು. "ರೀ ಸರ, ಮೊದಲಿನ ಲಿಸ್ಟಿನ್ಯಾಗ ನಮ್ಮ ಮುತ್ಯಾನ ಹೆಸರು ಅದ, ಇದ್ರಾಗ ಇಲ್ಲ. ನಡುವ ಎಲ್ಲಿ ಹೋತ್ರಿ?"

ಪ್ರಶ್ನೆ ಸರಿಯಾಗಿದೆ. ಕಂಪ್ಯೂಟರ್ ಮುಂದೆ ಕೂತವರು ಕೊನೆಯ ಸಂಖ್ಯೆಯನ್ನೇ ಮತ್ತೆ ಮತ್ತೆ ನೋಡುತ್ತಾರೆ, ಕ್ವೆರಿಯನ್ನು ಕಣ್ಣಲ್ಲೇ ಓದಿ ತಪ್ಪು ಹುಡುಕುತ್ತಾರೆ. ಹಾಗೆ ಸಿಗುವುದು ಕಷ್ಟ. 197 ಎಂಬುದು ಐದು ಮೆಟ್ಟಿಲು ಇಳಿದು ಬಂದ ಸಂಖ್ಯೆ, ನಡುವಿನ ನಾಲ್ಕು ಸಂಖ್ಯೆ ಯಾರ ಕಣ್ಣಿಗೂ ಬಿದ್ದಿಲ್ಲ. ಆ ನಾಲ್ಕನ್ನೂ ಹೊರಗೆ ತಂದು, ಪ್ರತಿ ಮೆಟ್ಟಿಲಲ್ಲಿ ಎಷ್ಟು ಜನ ದಾಟಿದರು, ಎಷ್ಟು ಜನ ಬಿದ್ದರು, ಎಷ್ಟು ಜನರ ವಿಷಯ ತಿಳಿಯಲಿಲ್ಲ ಎಂದು ಬರೆದರೆ ದೋಷ ತಾನಾಗಿ ಮೇಲೆ ಬರುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರವೇ.

ಸಂಘ ಕಾಲ್ಪನಿಕ, ಸಂಖ್ಯೆಗಳು ಉದಾಹರಣೆಗಾಗಿ. ಕ್ವೆರಿಯ ಪದಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ; ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷ್‌ನಲ್ಲೇ ಮಾಡಿ.

ಮೊದಲು ಲಕ್ಷಣ

ಕ್ವೆರಿ ಮುಟ್ಟುವ ಮೊದಲು ಎಣಿಕೆ ಯಾವ ರೀತಿ ತಪ್ಪಿದೆ ಎಂದು ನೋಡಿ. 'ಆಂಡ್' ಹಾಕಿ ಹೊಸ ಷರತ್ತು ಸೇರಿಸಿದಾಗ ಸಂಖ್ಯೆ ಕಡಿಮೆಯಾಗಬಹುದು, ಇದ್ದಷ್ಟೇ ಇರಬಹುದು. ಹೆಚ್ಚಾಗಲು ಸಾಧ್ಯವೇ ಇಲ್ಲ. ಹೆಚ್ಚಾಯಿತೆಂದರೆ ಮೂರರಲ್ಲಿ ಒಂದು ಆಗಿದೆ: ಆವರಣ ಚಿಹ್ನೆಯಿಲ್ಲದೆ 'ಆರ್' ಬಂದಿದೆ, ಇಲ್ಲವೇ ಇನ್ನೊಂದು ಟೇಬಲ್ ಜೋಡಿಸಿ ಸಾಲುಗಳು ಇಮ್ಮಡಿಯಾಗಿವೆ, ಇಲ್ಲವೇ ನೀವು ಎಣಿಸುತ್ತಿರುವಾಗಲೇ ಪಕ್ಕದ ಕೋಣೆಯಲ್ಲಿ ಯಾರೋ ಹೊಸ ಹೆಸರು ಸೇರಿಸುತ್ತಿದ್ದಾರೆ.

'ಆರ್' ತಪ್ಪು ಬಹಳ ಸಾಮಾನ್ಯ. ತಾಲ್ಲೂಕು = 'ಆಳಂದ' ಆರ್ ತಾಲ್ಲೂಕು = 'ಅಫಜಲಪುರ' ಆಂಡ್ ಬೆಳೆ = 'ತೊಗರಿ' ಎಂದು ಬರೆದರೆ ಡೇಟಾಬೇಸ್ ಮೊದಲು 'ಆಂಡ್' ಬಿಡಿಸುತ್ತದೆ. ಅಂದರೆ ಅಫಜಲಪುರದ ತೊಗರಿ ಬೆಳೆಗಾರರು, ಜೊತೆಗೆ ಆಳಂದದ ಸಮಸ್ತರು: ಕಬ್ಬಿನವರು, ಜೋಳದವರು, ಕಡಲೆಯವರು ಎಲ್ಲರೂ. ಎರಡು ತಾಲ್ಲೂಕನ್ನು ಆವರಣದಲ್ಲಿ ಹಾಕಿ, ಅಥವಾ ತಾಲ್ಲೂಕು ಇನ್ ('ಆಳಂದ', 'ಅಫಜಲಪುರ') ಎಂದು ಬರೆಯಿರಿ. ಇದಕ್ಕಿಂತ ಹೆಚ್ಚು ಹೇಳುವಂಥದ್ದು ಇದರಲ್ಲಿಲ್ಲ.

ಎಣಿಕೆ ಒಮ್ಮೆಲೇ ಸೊನ್ನೆಗೆ ಬಿದ್ದರೆ 'ನಾಟ್ ಇನ್' ಒಳಗಿನ ಖಾಲಿ ಮೌಲ್ಯವನ್ನೋ, ಹೆಸರಿನ ಕಾಗುಣಿತವನ್ನೋ ಅನುಮಾನಿಸಿ. ಷರತ್ತು ಸೇರಿಸಿದರೂ ಸಂಖ್ಯೆ ಒಂದಿಷ್ಟೂ ಅಲುಗಾಡದಿದ್ದರೆ ಅದೂ ಲಕ್ಷಣವೇ: ಆ ಷರತ್ತು ಏನನ್ನೂ ಸೋಸುತ್ತಿಲ್ಲ. ತೀರಾ ತೊಂದರೆ ಕೊಡುವುದು ನಮ್ಮ 197ರಂಥದ್ದು. ಕಡಿಮೆಯಾಗಬೇಕಾದದ್ದೇ, ಕಡಿಮೆಯೂ ಆಗಿದೆ, ಆದರೆ ಅತಿಯಾಗಿ.

ಇನ್ನೊಂದು, ಒಟ್ಟು ಸಂಖ್ಯೆಯನ್ನು ಎಲ್ಲಿಂದ ತಂದಿರಿ ಎಂದೂ ಕೇಳಿಕೊಳ್ಳಿ. ಮೈಎಸ್‌ಕ್ಯೂಎಲ್ ಡೇಟಾಬೇಸ್ ನೋಡಿಕೊಳ್ಳುವ ಪಿಎಚ್‌ಪಿ ಮೈ ಅಡ್ಮಿನ್ ಪರದೆಯಲ್ಲಿ ಟೇಬಲ್ ಹೆಸರಿನ ಪಕ್ಕ ಕಾಣುವ ಸಂಖ್ಯೆಯ ಹಿಂದೆ ಸಣ್ಣ ಅಲೆಗೆರೆ ಇದ್ದರೆ ಅದು ಅಂದಾಜು. ಇನ್ನೋಡಿಬಿ ಬಗೆಯ ಟೇಬಲ್‌ಗಳಿಗೆ ಅದು ನಿಖರ ಎಣಿಕೆ ಕೊಡುವುದಿಲ್ಲ. ಆ ಅಂದಾಜನ್ನು ವರದಿಯ ಮೊದಲ ಸಾಲಿಗೆ ಹಾಕಿದರೆ ಕೆಳಗಿನ ಯಾವ ಲೆಕ್ಕವೂ ತಾಳೆಯಾಗದು. ಕೌಂಟ್(*) ಓಡಿಸಿಯೇ ಒಟ್ಟು ತೆಗೆಯಿರಿ.

ಮೆಟ್ಟಿಲ ಲೆಕ್ಕ

ಐದು ಷರತ್ತಿಗೆ ಐದು ಪ್ರತ್ಯೇಕ ಕ್ವೆರಿ ಬರೆಯಬೇಡಿ. ಒಂದೇ ಷರತ್ತನ್ನು ನಾಲ್ಕು ಕಡೆ ಟೈಪ್ ಮಾಡಿದರೆ ಒಂದು ಕಡೆ ಬೇರೆಯಾಗಿಯೇ ಆಗುತ್ತದೆ. ಒಳಗಿನ ಕ್ವೆರಿಯಲ್ಲಿ ಪ್ರತಿ ಷರತ್ತಿಗೂ ಒಂದು ಕಾಲಂ ಮಾಡಿ ಹೆಸರಿಡಿ:

ಸೆಲೆಕ್ಟ್ ರೈತ_ಸಂಖ್ಯೆ,
(ತಾಲ್ಲೂಕು = 'ಆಳಂದ') ಆಸ್ ಷ1,
(ಬೆಳೆ = 'ತೊಗರಿ') ಆಸ್ ಷ2,
(ಹಿಡುವಳಿ <= 5) ಆಸ್ ಷ3,
(ಸಾಲ_ಸ್ಥಿತಿ <> 'ಬಾಕಿ') ಆಸ್ ಷ4,
(ನೋಂದಣಿ ಬಿಟ್ವೀನ್ '2025-04-01' ಆಂಡ್ '2025-05-31') ಆಸ್ ಷ5
ಫ್ರಮ್ ರೈತರು

ಇಲ್ಲಿ ಸಾಲುಗಳನ್ನು ಸೋಸುವ 'ವೇರ್' ಇಲ್ಲ ಎಂಬುದನ್ನು ಗಮನಿಸಿ. ಯಾರನ್ನೂ ತೆಗೆದಿಲ್ಲ, ಪ್ರತಿಯೊಬ್ಬರ ಹೆಸರಿನ ಮುಂದೆ ಐದು ಉತ್ತರ ಬರೆದಿದ್ದೇವೆ ಅಷ್ಟೆ. ಹೊರಗಿನ ಕ್ವೆರಿಯಲ್ಲಿ ಎಣಿಸಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ 9.4ನೆಯ ಆವೃತ್ತಿಯಿಂದ ಈಚೆಗೆ ಇದಕ್ಕೆ 'ಫಿಲ್ಟರ್' ಎಂಬ ಸೌಲಭ್ಯವಿದೆ, ಎಸ್‌ಕ್ಯೂಲೈಟ್‌ನಲ್ಲೂ 3.30ರಿಂದ ಇದೆ. ಎರಡನೆಯ ಮೆಟ್ಟಿಲಿಗೆ ಮೂರು ಎಣಿಕೆ (ನಿಜ, ಸುಳ್ಳು, ಮತ್ತು 'ನಲ್' ಎಂದರೆ ಖಾಲಿ) ಹೀಗೆ:

ಕೌಂಟ್(*) ಫಿಲ್ಟರ್ (ವೇರ್ ಷ1 ಆಂಡ್ ಷ2 ಈಸ್ ಟ್ರೂ),
ಕೌಂಟ್(*) ಫಿಲ್ಟರ್ (ವೇರ್ ಷ1 ಆಂಡ್ ಷ2 ಈಸ್ ಫಾಲ್ಸ್),
ಕೌಂಟ್(*) ಫಿಲ್ಟರ್ (ವೇರ್ ಷ1 ಆಂಡ್ ಷ2 ಈಸ್ ನಲ್)

ಮೂರನೆಯ ಮೆಟ್ಟಿಲಿಗೆ ಷ1 ಆಂಡ್ ಷ2 ಎರಡೂ ದಾಟಿದವರ ಪೈಕಿ ಷ3ರ ಮೂರು ಉತ್ತರ, ಹೀಗೇ ಮುಂದಕ್ಕೆ. ಮೈಎಸ್‌ಕ್ಯೂಎಲ್‌ನಲ್ಲಿ 'ಫಿಲ್ಟರ್' ಇಲ್ಲ. ಅಲ್ಲಿ ನಿಜವೆಂದರೆ 1, ಸುಳ್ಳೆಂದರೆ 0 ಆದ್ದರಿಂದ ಸಮ್(ಷ1 ಆಂಡ್ ಷ2) ಎಂದರೂ ನಡೆಯುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಷರತ್ತನ್ನೇ ಕಾಲಂ ಮಾಡಲು ಬಿಡುವುದಿಲ್ಲ, 'ಕೇಸ್ ವೆನ್' ಬಳಸಿ 1, 0, ನಲ್ ಬರೆಯಬೇಕು.

'ಕೇಸ್ ವೆನ್' ಬಳಸುವವರಿಗೆ ಒಂದು ಎಚ್ಚರಿಕೆ. ಕೌಂಟ್(ಕೇಸ್ ವೆನ್ ಬೆಳೆ = 'ತೊಗರಿ' ದೆನ್ 1 ಎಲ್ಸ್ 0 ಎಂಡ್) ಎಂದು ಬರೆದರೆ ತೊಗರಿಯವರಷ್ಟೇ ಅಲ್ಲ, ಎಲ್ಲರೂ ಎಣಿಕೆಗೆ ಬರುತ್ತಾರೆ. 'ಕೌಂಟ್' ಖಾಲಿಯನ್ನು ಮಾತ್ರ ಬಿಡುತ್ತದೆ. ಸೊನ್ನೆ ಖಾಲಿಯಲ್ಲ, ಅದೂ ಒಂದು ಮೌಲ್ಯ. ಒಂದೋ 'ಎಲ್ಸ್ 0' ತೆಗೆಯಿರಿ, ಇಲ್ಲವೇ 'ಕೌಂಟ್' ಬದಲು 'ಸಮ್' ಹಾಕಿ. ಮೇಲೆ ಹೇಳಿದ 'ಷರತ್ತು ಸೇರಿಸಿದರೂ ಅಲುಗಾಡದ ಸಂಖ್ಯೆ'ಯ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ನಮ್ಮ ಸಂಘದ ಲೆಕ್ಕ ಹೀಗೆ ಬಂತು:

ಒಟ್ಟು 1,200
ತಾಲ್ಲೂಕು: ದಾಟಿದವರು 640, ಬಿದ್ದವರು 530, ತಿಳಿಯದವರು 30
ಬೆಳೆ: 480, 152, 8
ಹಿಡುವಳಿ: 391, 77, 12
ಸಾಲ: 208, 41, 142
ನೋಂದಣಿ: 197, 11, 0

ಪ್ರತಿ ಸಾಲಿನ ಮೂರು ಸಂಖ್ಯೆ ಕೂಡಿದರೆ ಹಿಂದಿನ ಸಾಲಿನ ಮೊದಲ ಸಂಖ್ಯೆ ಬರಬೇಕು. 640, 530, 30 ಕೂಡಿ 1,200, 480, 152, 8 ಕೂಡಿ 640, ಹೀಗೆ ಕೊನೆಯತನಕ. ಎಲ್ಲಿ ಕೂಡಲಿಲ್ಲವೋ ಅಲ್ಲಿ ಎಣಿಸುವ ಕ್ವೆರಿಯೇ ಕೆಟ್ಟಿದೆ ಎಂದರ್ಥ. ಮೊದಲು ಅದನ್ನು ಸರಿಮಾಡಿ. ಎಲ್ಲವೂ ಕೂಡಿದ ಮೇಲೆ ಸಾಲುಗಳನ್ನು ಓದಿ. ದಾಲ್ ಮಿಲ್ಲಿನಲ್ಲಿ ಜರಡಿ ಹಿಡಿದವರು ಕೆಳಗೆ ಬಿದ್ದದ್ದನ್ನೂ ಮೇಲೆ ಉಳಿದದ್ದನ್ನೂ ನೋಡಿ ಸುಮ್ಮನಾಗುವುದಿಲ್ಲ, ಜರಡಿಯ ಕಣ್ಣಿನಲ್ಲಿ ಸಿಕ್ಕಿಕೊಂಡ ಕಾಳನ್ನೂ ತಟ್ಟಿ ಬಿಡಿಸುತ್ತಾರೆ. ನಮಗೆ ಆ ಮೂರನೆಯ ರಾಶಿಯೇ ಮುಖ್ಯ. ಸಾಲದ ಸಾಲಿನಲ್ಲಿ 142 ಎದ್ದು ಕಾಣುತ್ತದೆ: ಬಾಕಿ ಉಳಿಸಿಕೊಂಡವರು 41 ಮಂದಿ ಮಾತ್ರ, ಅವರ ಮೂರು ಪಟ್ಟಿಗೂ ಮಿಕ್ಕಿ ಜನ ತಮ್ಮ ತಪ್ಪಿಲ್ಲದೆ ಹೊರಬಿದ್ದಿದ್ದಾರೆ.

ತಿಳಿಯದು ಎಂಬ ಮೂರನೆಯ ಉತ್ತರ

ಸಂಘದಿಂದ ಎಂದೂ ಸಾಲ ಪಡೆಯದವರ ಸಾಲ_ಸ್ಥಿತಿ ಕಾಲಂ ಖಾಲಿ, ಅಂದರೆ 'ನಲ್'. ಅದು 'ಬಾಕಿ'ಗೆ ಸಮವೇ ಎಂದು ಕೇಳಿದರೆ ಡೇಟಾಬೇಸ್ ಹೌದು ಎನ್ನುವುದಿಲ್ಲ, ಇಲ್ಲ ಎಂದೂ ಎನ್ನುವುದಿಲ್ಲ, ತಿಳಿಯದು ಎನ್ನುತ್ತದೆ. ಸಮವಲ್ಲವೇ ಎಂದು ತಿರುಗಿಸಿ ಕೇಳಿದರೂ ಉತ್ತರ ಅದೇ. 'ವೇರ್' ಮಾತ್ರ ಕಟ್ಟುನಿಟ್ಟು: ಹೌದು ಎಂದವರನ್ನಷ್ಟೇ ಒಳಗೆ ಬಿಡುತ್ತದೆ. ಹೀಗಾಗಿ ಸಾಲವನ್ನೇ ಮಾಡದ ಮುತ್ಯಾ, ಸಾಲ ಬಾಕಿ ಇಟ್ಟವರ ಜೊತೆಗೇ ಹೊರಗೆ ಹೋದರು.

ಇದನ್ನು ಕಂಡುಹಿಡಿಯುವ ಚಿಕ್ಕ ಪರೀಕ್ಷೆ: 'ಬಾಕಿ' ಇರುವವರನ್ನು ಎಣಿಸಿ, 'ಬಾಕಿ' ಅಲ್ಲದವರನ್ನು ಎಣಿಸಿ, ಎರಡನ್ನೂ ಕೂಡಿ. ಒಟ್ಟು ಸಂಖ್ಯೆಗೆ ಸಮವಾಗದಿದ್ದರೆ ಕೊರತೆಯಷ್ಟು ಖಾಲಿ ಇದೆ. ಕೌಂಟ್(*) ಮತ್ತು ಕೌಂಟ್(ಸಾಲ_ಸ್ಥಿತಿ) ಎರಡರ ವ್ಯತ್ಯಾಸ ನೋಡಿದರೂ ಅದೇ ಸಂಖ್ಯೆ ಸಿಗುತ್ತದೆ, ಮೊದಲನೆಯದು ಸಾಲುಗಳನ್ನು ಎಣಿಸುತ್ತದೆ, ಎರಡನೆಯದು ಆ ಕಾಲಂ ತುಂಬಿರುವ ಸಾಲುಗಳನ್ನು.

ಪರಿಹಾರ ಬರೆಯುವುದು ಸುಲಭ. ಪೋಸ್ಟ್‌ಗ್ರೆಸ್‌ನಲ್ಲಿ ಸಾಲ_ಸ್ಥಿತಿ ಈಸ್ ಡಿಸ್ಟಿಂಕ್ಟ್ ಫ್ರಮ್ 'ಬಾಕಿ' ಎಂದರೆ ಖಾಲಿಯೂ 'ಬಾಕಿ'ಯಿಂದ ಬೇರೆ ಎಂದು ಲೆಕ್ಕಕ್ಕೆ ಬರುತ್ತದೆ. ಎಲ್ಲೆಡೆ ನಡೆಯುವಂಥದ್ದು: (ಸಾಲ_ಸ್ಥಿತಿ <> 'ಬಾಕಿ' ಆರ್ ಸಾಲ_ಸ್ಥಿತಿ ಈಸ್ ನಲ್), ಆವರಣ ಸಹಿತ. ಆದರೆ ಬರೆಯುವ ಮೊದಲು ಕಚೇರಿಯವರನ್ನು ಕೇಳಬೇಕು. ಆ 142ರಲ್ಲಿ ಎಲ್ಲರೂ ಸಾಲ ಮಾಡದವರೋ, ಅಥವಾ ಹಳೆಯ ಕೈಬರಹದ ಲೆಡ್ಜರಿನಿಂದ ಏರಿಸುವಾಗ ಆಪರೇಟರು ತುಂಬದೆ ಬಿಟ್ಟವರೂ ಇದ್ದಾರೋ? ಖಾಲಿ ಜಾಗ ನೋಡಿ ಅದನ್ನು ಕಂಪ್ಯೂಟರ್ ಹೇಳಲಾರದು. ಕೆಲವರು ಕ್ವೆರಿಯ ಪ್ರತಿ ಕಾಲಮ್ಮಿಗೂ 'ಕೊಯಲೆಸ್' ಹಾಕಿ ಖಾಲಿಯನ್ನೆಲ್ಲ 'ಇಲ್ಲ' ಎಂದೋ ಸೊನ್ನೆ ಎಂದೋ ಮುಚ್ಚಿಬಿಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ತಾಲ್ಲೂಕು ತಿಳಿಯದ ಆ 30 ಮಂದಿಯನ್ನು ಹಾಗೆ ಮುಚ್ಚಿದರೆ ಅವರು ಬೇರೆ ತಾಲ್ಲೂಕಿನವರಾಗಿಬಿಡುತ್ತಾರೆ, ಮತ್ತೆ ಯಾರೂ ಅವರನ್ನು ಹುಡುಕುವುದಿಲ್ಲ. ಹಿಡುವಳಿ ಖಾಲಿ ಇರುವ 12 ಜನರಿಗೆ ಸೊನ್ನೆ ಹಾಕಿದರೆ ಎಲ್ಲರೂ ಸಣ್ಣ ರೈತರಾಗಿ ಒಳಗೆ ಬರುತ್ತಾರೆ.

'ನಾಟ್ ಇನ್' ಇದಕ್ಕಿಂತ ಮೊಂಡು. ರೈತ_ಸಂಖ್ಯೆ ನಾಟ್ ಇನ್ (ಸೆಲೆಕ್ಟ್ ರೈತ_ಸಂಖ್ಯೆ ಫ್ರಮ್ ಬಾಕಿದಾರರು) ಎಂದು ಬರೆದಿದ್ದೀರಿ, ಬಾಕಿದಾರರ ಟೇಬಲ್‌ನಲ್ಲಿ ಒಂದೇ ಒಂದು ಸಾಲಿನ ರೈತ_ಸಂಖ್ಯೆ ಖಾಲಿ ಇದೆ ಎನ್ನಿ. ಇಡೀ ಪಟ್ಟಿ ಸೊನ್ನೆ! ಆ ಖಾಲಿ ಸಾಲು ಯಾರದ್ದೂ ಆಗಿರಬಹುದು, ಆದ್ದರಿಂದ ಈ ರೈತ ಖಂಡಿತ ಬಾಕಿದಾರನಲ್ಲ ಎಂದು ಯಾರ ಬಗ್ಗೆಯೂ ಹೇಳಲಾಗದು. ತರ್ಕ ಸರಿ, ಫಲ ಮಾತ್ರ ಅನರ್ಥ. 'ನಾಟ್ ಎಕ್ಸಿಸ್ಟ್ಸ್' ಬಳಸಿದರೆ ಈ ತೊಡಕಿಲ್ಲ.

ಪಹಣಿ ಜೋಡಿಸಿದೊಡನೆ ಜನ ಹೆಚ್ಚಿದರೆ

ಒಬ್ಬ ರೈತ, ಮೂರು ಸರ್ವೆ ನಂಬರು, ಮೂರು ಪಹಣಿ. ರೈತರು ಟೇಬಲ್‌ಗೆ ಪಹಣಿ ಟೇಬಲ್ ಜೋಡಿಸಿದರೆ ಆತ ಮೂರು ಸಾಲಾಗುತ್ತಾನೆ. ಕೌಂಟ್(*) ಈಗ ಎಣಿಸುವುದು ಜನರನ್ನಲ್ಲ, ಪಹಣಿಗಳನ್ನು. 'ಕೌಂಟ್ ಡಿಸ್ಟಿಂಕ್ಟ್' ಹಾಕಿ ಸುಧಾರಿಸಿಕೊಳ್ಳುವವರಿದ್ದಾರೆ. ಜನರ ಎಣಿಕೆ ಸರಿಯಾಗುತ್ತದೆ, ಆದರೆ ಅದೇ ಕ್ವೆರಿಯಲ್ಲಿ ಕೊಡಬೇಕಾದ ಬೀಜದ ಚೀಲಗಳನ್ನು ಕೂಡಿಸಿದ್ದರೆ ಆ ಮೊತ್ತ ಮೂರು ಪಟ್ಟಾಗಿಯೇ ಉಳಿಯುತ್ತದೆ. ತೊಗರಿ ಇರುವ ಒಂದಾದರೂ ಪಹಣಿ ಈತನಿಗೆ ಇದೆಯೇ ಎಂಬುದಷ್ಟೇ ಪ್ರಶ್ನೆಯಾಗಿದ್ದರೆ ಜೋಡಿಸುವುದೇ ಬೇಡ, 'ಎಕ್ಸಿಸ್ಟ್ಸ್' ಸಾಕು. ಒಬ್ಬರಿಗೆ ಒಂದೇ ಸಾಲು ಉಳಿಯುತ್ತದೆ.

ಇದರ ತಿರುವುಮುರುವು ತಪ್ಪೂ ಇದೆ. ಪಹಣಿ ಸಿಗದವರೂ ಪಟ್ಟಿಯಲ್ಲಿರಲಿ ಎಂದು 'ಲೆಫ್ಟ್ ಜಾಯಿನ್' ಹಾಕಿ, ಆಮೇಲೆ 'ವೇರ್'ನಲ್ಲಿ ಪಹಣಿ.ವರ್ಷ = 2025 ಎಂದು ಬರೆದರೆ ಪಹಣಿ ಇಲ್ಲದವರೆಲ್ಲ ಸದ್ದಿಲ್ಲದೆ ಹೋಗುತ್ತಾರೆ, ಅವರ ವರ್ಷ ಖಾಲಿಯಾದ್ದರಿಂದ. ಆ ಷರತ್ತನ್ನು, ಟೇಬಲ್ ಹೇಗೆ ಜೋಡಿಸಬೇಕೆಂದು ಹೇಳುವ 'ಆನ್' ಭಾಗಕ್ಕೆ ಸಾಗಿಸಿ.

ಜಾಂಗೊ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಸಲಕರಣೆ) ಬಳಸುವ ಹುಡುಗರಿಗೆ ಒಂದು ಮಾತು, ಯಾಕೆಂದರೆ ಅಲ್ಲಿ ಫಿಲ್ಟರ್‌ಗಳನ್ನು ಒಂದರ ಹಿಂದೆ ಒಂದು ಪೋಣಿಸುವುದು ರೂಢಿ. ಒಂದೇ ಟೇಬಲ್‌ನ ಕಾಲಂ ಆದರೆ ಎರಡು ಷರತ್ತನ್ನು ಒಂದೇ ಫಿಲ್ಟರ್‌ನಲ್ಲಿ ಹಾಕಿದರೂ ಒಂದೇ, ಎರಡು ಫಿಲ್ಟರ್ ಮಾಡಿ ಸರಪಣಿ ಹಾಕಿದರೂ ಒಂದೇ. ಪಹಣಿಯಂತೆ ಒಬ್ಬರಿಗೆ ಹಲವು ಸಾಲಿರುವ ಸಂಬಂಧದಲ್ಲಿ ಹಾಗಲ್ಲ. 'ಬೆಳೆ ತೊಗರಿ, ಊರು ನಿಂಬರ್ಗಾ' ಎರಡನ್ನೂ ಒಂದೇ ಫಿಲ್ಟರ್‌ನಲ್ಲಿ ಕೊಟ್ಟರೆ ನಿಂಬರ್ಗಾದ ಹೊಲದಲ್ಲೇ ತೊಗರಿ ಹಾಕಿದವರು ಬರುತ್ತಾರೆ. ಸರಪಣಿ ಮಾಡಿದರೆ ಪ್ರತಿ ಕೊಂಡಿಗೂ ಪಹಣಿ ಟೇಬಲ್ ಹೊಸದಾಗಿ ಜೋಡಣೆಯಾಗುತ್ತದೆ: ಎಲ್ಲೋ ತೊಗರಿ ಇರುವ, ನಿಂಬರ್ಗಾದಲ್ಲಿ ಯಾವುದೋ ಬೆಳೆಯ ಹೊಲ ಇರುವ ರೈತನೂ ಒಳಗೆ ಬರುತ್ತಾನೆ, ಅದೂ ಒಂದಕ್ಕಿಂತ ಹೆಚ್ಚು ಸಲ. ಎರಡಕ್ಕೂ ತಯಾರಾದ ಎಸ್‌ಕ್ಯೂಎಲ್ ಅನ್ನು ಪರದೆಯ ಮೇಲೆ ತೆಗೆದು 'ಜಾಯಿನ್' ಎಷ್ಟಿದೆ ಎಂದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಎಕರೆ–ಗುಂಟೆ

ನಮ್ಮ ಕಡೆಯ ಹಿಡುವಳಿ ಲೆಕ್ಕದಲ್ಲಿ ಇದೊಂದು ಅಡಗಿ ಕೂತಿರುತ್ತದೆ, ಹೊರಗಿನಿಂದ ಬಂದ ಪ್ರೋಗ್ರಾಮರಿಗೆ ತಿಳಿಯುವುದೇ ಇಲ್ಲ. ಪಹಣಿಯಲ್ಲಿ 2.20 ಎಂದರೆ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ಎರಡೂವರೆ ಎಕರೆ. ಡೇಟಾಬೇಸ್‌ಗೆ ಮಾತ್ರ ಅದು ಎರಡು ದಶಾಂಶ ಎರಡು.

ಒಂದೇ ಪಹಣಿ ಇರುವ ರೈತರಲ್ಲಿ, 5 ಎಕರೆಯಂಥ ಪೂರ್ಣ ಸಂಖ್ಯೆಯ ಮಿತಿಗೆ, ಈ ತಪ್ಪು ಕಾಣಿಸಿಕೊಳ್ಳುವುದೇ ಇಲ್ಲ. 4.39 ಆದರೂ 5ರೊಳಗೆ, 5.01 ಆದರೂ 5ರ ಹೊರಗೆ. ಎರಡೂ ಓದಿನಲ್ಲಿ ಉತ್ತರ ಒಂದೇ. ಪರೀಕ್ಷೆಗೆಂದು ನಾಲ್ಕು ಹೆಸರು ತೆಗೆದು ನೋಡಿದವರು ಸರಿಯಿದೆ ಎಂದು ಎದ್ದುಬಿಡುತ್ತಾರೆ. ಎರಡು ಪಹಣಿ ಕೂಡಿಸಿದಾಗ ಬಯಲಾಗುತ್ತದೆ: 2.30 ಮತ್ತು 2.30 ದಶಾಂಶದಲ್ಲಿ 4.60, ಐದರೊಳಗೆ. ನಿಜದಲ್ಲಿ 110 ಗುಂಟೆ ಮತ್ತು 110 ಗುಂಟೆ, ಒಟ್ಟು 220, ಅಂದರೆ 5 ಎಕರೆ 20 ಗುಂಟೆ, ಆತ ಪಟ್ಟಿಯಲ್ಲಿರಬಾರದು. ಮಿತಿ 2.5 ಎಕರೆ ಆಗಿದ್ದರೆ ಒಂದೇ ಪಹಣಿಯಲ್ಲೂ ತಪ್ಪುತ್ತದೆ: 2.39 ಎಂಬುದು 2.5ಕ್ಕಿಂತ ಕಡಿಮೆ ಎನಿಸಿ ಒಳಗೆ ಬರುತ್ತದೆ, ಆ ಹೊಲವಾದರೋ ಮೂರು ಎಕರೆಗೆ ಒಂದೇ ಗುಂಟೆ ಕಡಿಮೆ.

ತಪಾಸಣೆ ಹೀಗೆ. ಚುಕ್ಕೆಯ ಬಲಗಡೆ 40 ಅಥವಾ ಅದಕ್ಕಿಂತ ಹೆಚ್ಚಿರುವ ಸಾಲುಗಳನ್ನು ಎಣಿಸಿ. ಗುಂಟೆ ಲೆಕ್ಕವಾದರೆ ಅಂಥ ಸಾಲು ಒಂದೂ ಇರಕೂಡದು. ಕೆಲವೇ ಕೆಲವು ಸಿಕ್ಕರೆ ಇಬ್ಬರು ಆಪರೇಟರುಗಳು ಎರಡು ಬಗೆಯಲ್ಲಿ ತುಂಬಿದ್ದಾರೆ, ಅದು ಎಲ್ಲಕ್ಕಿಂತ ಕಷ್ಟದ ಸ್ಥಿತಿ. ಎಕ್ಸೆಲ್ ಮೂಲಕ ಬಂದ ದತ್ತಾಂಶದಲ್ಲಿ 2.20 ಎಂಬುದು 2.2 ಆಗಿರುತ್ತದೆ; 2 ಎಕರೆ 2 ಗುಂಟೆಯನ್ನು 2.02 ಎಂದು ಬರೆಯುವ ಶಿಸ್ತು ಇದ್ದ ಕಡತವಾದರೆ ಮಾತ್ರ ಅದನ್ನು ಇಪ್ಪತ್ತು ಎಂದು ಓದಬಹುದು, ಇಲ್ಲದಿದ್ದರೆ ಪಹಣಿ ತೆಗೆದು ನೋಡದೆ ಗತಿಯಿಲ್ಲ. ಶಾಶ್ವತ ಪರಿಹಾರ ಎಂದರೆ ಎಲ್ಲವನ್ನೂ ಗುಂಟೆಗೆ ಇಳಿಸಿ ಪೂರ್ಣಾಂಕವಾಗಿ ಇಡುವುದು, ಷರತ್ತನ್ನು ಗುಂಟೆ <= 200 ಎಂದು ಬರೆಯುವುದು.

ಕಾಲಂ ಅಕ್ಷರ ರೂಪದ್ದೇ ಎಂದೂ ನೋಡಿ. ಅಕ್ಷರವಾಗಿ ಹೋಲಿಸಿದರೆ '10' ಎಂಬುದು '5'ಕ್ಕಿಂತ ಚಿಕ್ಕದು, ಮೊದಲ ಅಕ್ಷರ 1 ಆದ್ದರಿಂದ. ಹತ್ತು ಎಕರೆಯ ಗೌಡರು ಸಣ್ಣ ರೈತರ ಪಟ್ಟಿಯಲ್ಲಿ ಕಂಡರೆ ಅವರನ್ನು ಬೈಯುವ ಮೊದಲು ಕಾಲಮ್ಮಿನ ಬಗೆ ನೋಡಿ.

ಊರ ಹೆಸರಿನ ತೊಡಕು

ಜಿಲ್ಲೆ = 'ಕಲಬುರಗಿ' ಎಂದು ಹಾಕಿದಾಗ ಹಳೆಯ ದಾಖಲೆಗಳೆಲ್ಲ ಹೊರಬೀಳುವುದು ಸಹಜ. 2014ರ ನವೆಂಬರ್ 1ಕ್ಕೆ ಹೆಸರು ಬದಲಾಗುವ ತನಕ ಎಲ್ಲೆಡೆ ಗುಲ್ಬರ್ಗಾ ಎಂದೇ ಬರೆದದ್ದು. ಅದಕ್ಕೂ ಹಿಂದಿನ ಕಡತವಾದರೆ ಶಹಾಪುರ, ಸುರಪುರ ಕೂಡ ಗುಲ್ಬರ್ಗಾ ಜಿಲ್ಲೆಯಲ್ಲೇ ಸಿಗುತ್ತವೆ. ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಕೊನೆಗೆ. ಜೇವರ್ಗಿ ತಾಲ್ಲೂಕಿನ ಕೆಲವು ಊರು ಈಗ ಯಡ್ರಾಮಿ ತಾಲ್ಲೂಕು, ಕಲಬುರಗಿ ತಾಲ್ಲೂಕಿನ ಕೆಲವು ಕಮಲಾಪುರ ತಾಲ್ಲೂಕು. ಹೀಗಿರುವಾಗ ತಾಲ್ಲೂಕಿನ ಹೆಸರನ್ನು ಷರತ್ತಾಗಿಟ್ಟರೆ ಎಣಿಕೆ ದಾಖಲೆಯ ವಯಸ್ಸಿನ ಮೇಲೆ ನಿಲ್ಲುತ್ತದೆ.

ಅದರ ಮೇಲೆ ಕಾಗುಣಿತ. ಸೇಡಂ–ಸೇಡಮ್, ಬೀದರ್–ಬೀದರ, ಸುರಪುರ–ಶೋರಾಪುರ, ಅಫಜಲಪುರ–ಅಫ್ಜಲ್‌ಪುರ. ಇವು ಕಣ್ಣಿಗಾದರೂ ಬೇರೆ ಎಂದು ಕಾಣುತ್ತವೆ. ಕಾಣದವು ಇನ್ನೂ ಕೆಟ್ಟವು. ಯೂನಿಕೋಡ್‌ನಲ್ಲಿ 'ಬೀ' ಎಂಬುದರ ದೀರ್ಘವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಗುಡಿಸು ಹಾಕಿ, ಪಕ್ಕದಲ್ಲಿ ದೀರ್ಘದ ಚಿಹ್ನೆಯನ್ನು ಬೇರೆಯಾಗಿ ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಬೀದರ್. ಉದ್ದ ಎಣಿಸಿದರೆ ಮೊದಲನೆಯದು 5, ಎರಡನೆಯದು 6. ಜೇವರ್ಗಿಯ 'ಜೇ', ಶೋರಾಪುರದ 'ಶೋ' ಎಲ್ಲಕ್ಕೂ ಇದೇ ಕಥೆ. ಹಳೆಯ ನುಡಿ ಫಾಂಟಿನ ಕಡತವನ್ನು ಯೂನಿಕೋಡ್‌ಗೆ ತಿರುಗಿಸಿ ತಂದಿದ್ದರೆ ಮೊದಲು ಇದನ್ನೇ ನೋಡಿ. 'ಲ್‌ಪು'ವಿನಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಶೂನ್ಯ ಅಗಲದ ಚಿಹ್ನೆ ಒಂದಿರುತ್ತದೆ, ಅದನ್ನು ಕಾಪಿ–ಪೇಸ್ಟ್ ಮಾಡುವಾಗ ಪದದ ಕೊನೆಗೆ ಅಂಟಿಸಿಕೊಂಡು ಬರುವವರೂ ಇದ್ದಾರೆ.

ಪತ್ತೆಗೆ: ತಾಲ್ಲೂಕು ಕಾಲಮ್ಮನ್ನೂ ಅದರ ಉದ್ದವನ್ನೂ ಗುಂಪು ಮಾಡಿ ಎಣಿಸಿ. ಒಂದೇ ಹೆಸರು ಎರಡು ಸಾಲಿನಲ್ಲಿ, ಎರಡು ಉದ್ದದೊಂದಿಗೆ ಬಂದರೆ ಸಿಕ್ಕಿಬಿದ್ದಂತೆ. ಪೋಸ್ಟ್‌ಗ್ರೆಸ್ 13ರಿಂದ 'ನಾರ್ಮಲೈಸ್' ಎಂಬ ಫಂಕ್ಷನ್ ಇದೆ, ಒಡೆದ ದೀರ್ಘಗಳನ್ನು ಅದು ಕೂಡಿಸುತ್ತದೆ. ಶೂನ್ಯ ಅಗಲದ ಚಿಹ್ನೆಯನ್ನು ಮಾತ್ರ ನೀವೇ ತೆಗೆಯಬೇಕು. ಕೊನೆಯಲ್ಲಿ ಉಳಿದ ಖಾಲಿ ಸ್ಪೇಸ್ ವಿಷಯದಲ್ಲಿ ಡೇಟಾಬೇಸ್‌ಗಳಿಗೇ ಒಮ್ಮತವಿಲ್ಲ. ಮೈಎಸ್‌ಕ್ಯೂಎಲ್‌ನ ಹಳೆಯ ಕೊಲೇಷನ್‌ಗಳು (ಅಕ್ಷರ ಹೋಲಿಸುವ ನಿಯಮಗಳು) 'ಆಳಂದ' ಮತ್ತು ಸ್ಪೇಸ್ ಸಹಿತ 'ಆಳಂದ ' ಎರಡನ್ನೂ ಸಮ ಎನ್ನುತ್ತವೆ, 8.0ರ ಡೀಫಾಲ್ಟ್ ಕೊಲೇಷನ್ ಸಮವಲ್ಲ ಎನ್ನುತ್ತದೆ. ಸರ್ವರ್ ಬದಲಿಸಿದ ಮಾರನೇ ದಿನ ಎಣಿಕೆ ಇಳಿದರೆ ಕಾರಣ ಅಲ್ಲಿರಬಹುದು. ಹೆಸರಿನ ಬದಲು ಗ್ರಾಮದ ಕೋಡ್ ಇಟ್ಟುಕೊಂಡವರಿಗೆ ಈ ಇಡೀ ಪ್ರಕರಣವೇ ಇಲ್ಲ. ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮಕ್ಕೂ ಒಂದು ಕೋಡ್ ಇದೆ, ಅದನ್ನೇ ಬಳಸಿ.

ಮೇ 31

ಐದನೆಯ ಮೆಟ್ಟಿಲಲ್ಲಿ ಬಿದ್ದ 11 ಜನರ ನೋಂದಣಿ ನೋಡಿದರೆ ಎಲ್ಲರದ್ದೂ ಮೇ 31. ಆ ಕಾಲಮ್ಮಿನಲ್ಲಿ ದಿನಾಂಕದ ಜೊತೆ ವೇಳೆಯೂ ಇದೆ, '2025-05-31' ಎಂದು ಬರೆದದ್ದನ್ನು ಡೇಟಾಬೇಸ್ ಆ ದಿನದ ನಡುರಾತ್ರಿ 00:00 ಎಂದು ಓದಿತು. ಬೆಳಗಿನ ಬಸ್ಸಿಗೆ ಬಂದು ಕೊನೆಯ ದಿನ ಹೆಸರು ಬರೆಸಿದವರೆಲ್ಲ ಹೊರಗೆ. ನೋಂದಣಿ >= '2025-04-01' ಆಂಡ್ ನೋಂದಣಿ < '2025-06-01' ಎಂದು ಬರೆಯಿರಿ. ಸರ್ವರ್ ವೇಳೆಯನ್ನು ಯುಟಿಸಿ ಎಂಬ ಜಾಗತಿಕ ಮಾನಕ ವೇಳೆಯಲ್ಲಿ ಇಡುತ್ತಿದ್ದರೆ ನಮ್ಮ ಬೆಳಗಿನ 5:30ಕ್ಕಿಂತ ಮುಂಚಿನದು ಹಿಂದಿನ ದಿನಕ್ಕೆ ಸೇರುತ್ತದೆ ಎಂಬುದೂ ನೆನಪಿರಲಿ. ಕಚೇರಿ ವೇಳೆಯಲ್ಲಿ ತುಂಬಿದ್ದಕ್ಕೆ ಬಾಧೆಯಿಲ್ಲ, ಮೊಬೈಲ್‌ನಲ್ಲಿ ತುಂಬಿದ್ದಕ್ಕೆ ಇರಬಹುದು.

ಸಾಲದ ಷರತ್ತು ಸರಿಪಡಿಸಿದಾಗ ನಾಲ್ಕನೆಯ ಮೆಟ್ಟಿಲಲ್ಲಿ 350 ಜನ ದಾಟಿದರು, ಐದನೆಯದರಲ್ಲಿ 19 ಜನ ಬಿದ್ದರು, ಅವರೂ ಮೇ 31ರವರೇ. ದಿನಾಂಕವನ್ನೂ ಸರಿಪಡಿಸಿದ ಮೇಲೆ ಕೊನೆಯ ಎಣಿಕೆ 350. ಮೊದಲು 11 ಇದ್ದದ್ದು ಆಮೇಲೆ 19 ಆದದ್ದು ಯಾಕೆ? ಉಳಿದ 8 ಜನ ಮೊದಲ ಸಲ ಸಾಲದ ಮೆಟ್ಟಿಲಲ್ಲೇ ಬಿದ್ದಿದ್ದರು, ದಿನಾಂಕದ ತನಕ ಬಂದಿರಲೇ ಇಲ್ಲ. ಒಂದು ದೋಷ ಸರಿಪಡಿಸಿದ ಕೂಡಲೇ ಲೆಕ್ಕವನ್ನು ಪೂರ್ತಿ ಮತ್ತೆ ಓಡಿಸಬೇಕು ಎನ್ನುವುದು ಇದಕ್ಕೇ.

ಯಾರ ತಲೆಗೆ ಹೊರಿಸುವುದು

'ಸಾಲದ ಷರತ್ತಿನಿಂದ ಇಷ್ಟು ಜನ ತಪ್ಪಿದರು' ಎಂದು ಸಭೆಯಲ್ಲಿ ಹೇಳುವ ಮೊದಲು ಒಂದು ವಿಷಯ ತಿಳಿದಿರಲಿ. ಷರತ್ತುಗಳ ಕ್ರಮ ಬದಲಿಸಿದರೆ ಕೊನೆಯ ಎಣಿಕೆ ಬದಲಾಗುವುದಿಲ್ಲ, ನಡುವಿನವು ಬದಲಾಗುತ್ತವೆ. 100 ಜನರಲ್ಲಿ ಒಂದು ಷರತ್ತಿಗೆ 40 ಜನ ಬೀಳುತ್ತಾರೆ, ಇನ್ನೊಂದಕ್ಕೆ 50, ಎರಡಕ್ಕೂ ಬೀಳುವವರು 30 ಎನ್ನಿ. ಮೊದಲನೆಯದನ್ನು ಮೊದಲು ಹಾಕಿದರೆ ಅದು ಕೆಡವಿದ್ದು 40, ಎರಡನೆಯದು 20. ಕ್ರಮ ತಿರುಗಿಸಿದರೆ 50 ಮತ್ತು 10. ಎರಡರಲ್ಲೂ ಉಳಿದವರು 40. ಮುಂದೆ ನಿಂತ ಷರತ್ತಿಗೆ ಹೆಚ್ಚು ಬೈಗುಳ, ಅಷ್ಟೇ.

ನ್ಯಾಯವಾಗಿ ಹೇಳಬೇಕೆಂದರೆ ಇನ್ನೊಂದು ಎಣಿಕೆ ಬೇಕು: ಒಂದು ಷರತ್ತನ್ನು ಬಿಟ್ಟು ಉಳಿದ ನಾಲ್ಕನ್ನೂ ದಾಟಿದವರಲ್ಲಿ ಇದೊಂದಕ್ಕೇ ಬಿದ್ದವರು ಎಷ್ಟು. ಷ1ರಿಂದ ಷ5 ಕಾಲಂ ಈಗಾಗಲೇ ಇರುವುದರಿಂದ ಐದು ಸಾಲು ಬರೆದರೆ ಮುಗಿಯಿತು. ನಿಯಮ ಸಡಿಲಿಸಬೇಕೇ ಎಂಬ ಚರ್ಚೆಗೆ ಈ ಸಂಖ್ಯೆ ಬೇಕು, ಮೆಟ್ಟಿಲ ಸಂಖ್ಯೆಯಲ್ಲ.

ಪೋಸ್ಟ್‌ಗ್ರೆಸ್‌ನಲ್ಲಿ 'ಎಕ್ಸ್‌ಪ್ಲೇನ್ ಅನಲೈಸ್' ಓಡಿಸಿದರೆ ಫಿಲ್ಟರ್ ಎಷ್ಟು ಸಾಲು ತೆಗೆಯಿತು ಎಂದು ತೋರಿಸುತ್ತದೆ, ಅದನ್ನೇ ಮೆಟ್ಟಿಲ ಲೆಕ್ಕ ಎಂದುಕೊಳ್ಳಬೇಡಿ. ಒಂದು ಹಂತದ ಎಲ್ಲ ಷರತ್ತೂ ಅಲ್ಲಿ ಒಟ್ಟಾಗಿರುತ್ತವೆ, ಯಾವುದು ಎಷ್ಟು ಎಂಬ ವಿಂಗಡಣೆ ಇರುವುದಿಲ್ಲ; ಸುತ್ತು ಹಾಕುವ ಹಂತವಾದರೆ ಬರುವುದು ಪ್ರತಿ ಸುತ್ತಿನ ಸರಾಸರಿ. ಬರೀ 'ಎಕ್ಸ್‌ಪ್ಲೇನ್' ಕೊಡುವ ಸಾಲುಗಳ ಸಂಖ್ಯೆಯಂತೂ ಅಂದಾಜು. ತಾಲ್ಲೂಕಿಗೂ ಬೆಳೆಗೂ ಸಂಬಂಧವಿಲ್ಲ ಎಂದು ಭಾವಿಸಿ ಗುಣಿಸಿದ್ದು. ತೊಗರಿಯ ನಾಡಿನಲ್ಲಿ ಆ ಭಾವನೆ ನಿಲ್ಲುವುದಿಲ್ಲ.

ಇನ್ನು ಎಣಿಸುತ್ತಿರುವಾಗ ಹೆಸರು ಸೇರುವ ತೊಂದರೆ. ಮೇಲಿನಂತೆ ಒಂದೇ ಕ್ವೆರಿಯಲ್ಲಿ ಎಲ್ಲ ಮೆಟ್ಟಿಲೂ ಇದ್ದರೆ ಅದಿಲ್ಲ. ಬೇರೆ ಬೇರೆ ಕ್ವೆರಿ ಅನಿವಾರ್ಯವಾದರೆ ಪೋಸ್ಟ್‌ಗ್ರೆಸ್‌ನಲ್ಲಿ 'ರಿಪೀಟಬಲ್ ರೀಡ್' ಹಾಕಿದ ಒಂದೇ ಟ್ರಾನ್ಸಾಕ್ಷನ್‌ನೊಳಗೆ ಓಡಿಸಿ. ಅದರ ಡೀಫಾಲ್ಟ್‌ನಲ್ಲಿ ಪ್ರತಿ ಕ್ವೆರಿಯೂ ಆ ಕ್ಷಣದ ಹೊಸ ಚಿತ್ರ ನೋಡುತ್ತದೆ.

ಕಿಟಕಿಯ ಹೊರಗಿನವರಿಗೆ ಉತ್ತರ ಕೊಡಲು ಸಂಖ್ಯೆ ಸಾಲದು, ಹೆಸರು ಬೇಕು. ಷ1 ನಿಜವಲ್ಲದಿದ್ದರೆ 'ತಾಲ್ಲೂಕು', ಅದು ದಾಟಿ ಷ2 ನಿಜವಲ್ಲದಿದ್ದರೆ 'ಬೆಳೆ', ಹೀಗೆ 'ಕೇಸ್ ವೆನ್ ಷ1 ಈಸ್ ನಾಟ್ ಟ್ರೂ' ಎಂದು ಆರಂಭಿಸಿ 'ಎಲ್ಲಿ_ಬಿದ್ದ' ಎಂಬ ಕಾಲಂ ಮಾಡಿ. ಪಕ್ಕದಲ್ಲಿ ಆ ಷರತ್ತು ಸುಳ್ಳೋ, ಖಾಲಿಯೋ ಎಂಬ ಇನ್ನೊಂದು ಕಾಲಂ. ಎರಡನ್ನೂ ಗುಂಪು ಮಾಡಿ ಎಣಿಸಿದರೆ ಮೆಟ್ಟಿಲ ಲೆಕ್ಕವೇ ಮತ್ತೆ ಬರುತ್ತದೆ, ಬರದಿದ್ದರೆ ಎರಡರಲ್ಲಿ ಒಂದು ತಪ್ಪು. ಗುಂಪು ಮಾಡದೆ ಊರುವಾರು ಪ್ರಿಂಟ್ ತೆಗೆದರೆ ನೋಟಿಸ್ ಬೋರ್ಡಿಗೆ ಹಚ್ಚುವ ಪಟ್ಟಿ. ಖಾಲಿ ಎಂದು ಬಂದವರ ಹೆಸರುಗಳನ್ನು ಬೇರೆ ಹಾಳೆಯಲ್ಲಿ ತೆಗೆದು ಕಾರ್ಯದರ್ಶಿಯ ಕೈಗೆ ಕೊಡಿ. ಅವನ್ನು ತುಂಬಿಸುವ ಕೆಲಸ ಕ್ವೆರಿಯದ್ದಲ್ಲ, ಲೆಡ್ಜರ್ ಮತ್ತು ಪಹಣಿ ಹಿಡಿದು ಕೂರುವವರದ್ದು.